ಮೂರು ಎಂಜಿನ್ನು, ಒಬ್ಬ ಮುನಿಯಮ್ಮ

ಲ್ಯಾಪ್‌ಟಾಪ್ ವಿಪರೀತ ಕಾದಾಗ ಬರುವ ವಾಸನೆ ನಿಮಗೂ ಗೊತ್ತಿರಬೇಕು. ಸುಟ್ಟ ಧೂಳು, ಬಿಸಿ ಪ್ಲಾಸ್ಟಿಕ್ಕು, ಕೀಲಿಗಳ ಸಂದಿಯಲ್ಲಿ ಯಾವತ್ತೋ ಉದುರಿದ ಕೋಡುಬಳೆ ಚೂರಿನ ಘಮ. ಇವತ್ತು ಬೆಳಿಗ್ಗೆ ಜಯನಗರದ ನನ್ನ ಮನೆಯಲ್ಲಿ ಆ ವಾಸನೆ ಬಂತು. ಬುದ್ಧಿವಂತನಾದವನು ಪ್ಲಗ್ ಕೀಳುತ್ತಾನೆ. ನಾನು ಮೂಸುತ್ತಾ ಕೂತೆ. ಸುದ್ದಗುಂಟೆಪಾಳ್ಯದಲ್ಲಿ, ಮಹಡಿಯ ಮೇಲೆ ನನಗಿದ್ದ ಒಂಟಿ ರೂಮು ನೆನಪಾಯಿತು. ಅದರ ಹಿಂದೆಯೇ ರೂಮಿನ ಓನರ್ ಮುನಿಯಮ್ಮನೂ ನೆನಪಿನ ಮೆಟ್ಟಿಲು ಹತ್ತಿ ಬಂದರು.

ಅದಕ್ಕೂ ಮುಂಚೆ ನಾನು ಜೆ.ಪಿ. ನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಎಸೆದ ಕಲ್ಲು ಎಲ್ಲಿ ಹೋಗಿ ಬೀಳುತ್ತದೆ ಎನ್ನುವುದು ನನ್ನ ಪಾಠ. ಮಕ್ಕಳು ಆಕಳಿಸುವುದನ್ನು ನೋಡಲಾರದೆ ಒಂದು ದಿನ ಅದನ್ನೇ ಕಂಪ್ಯೂಟರಿನಲ್ಲಿ ಪುಟ್ಟ ಆಟ ಮಾಡಿ ತಂದೆ. ಕಲ್ಲೆಸೆದು ಪ್ರಿನ್ಸಿಪಾಲರ ಸ್ಕೂಟರಿನ ಕನ್ನಡಿ ಒಡೆಯಬೇಕು, ಅಷ್ಟೇ. ಕೋನ, ವೇಗ, ಗುರುತ್ವಾಕರ್ಷಣೆ ಎಲ್ಲವನ್ನೂ ಇಡೀ ಕ್ಲಾಸು ಒಂದೇ ಮಧ್ಯಾಹ್ನದಲ್ಲಿ ಕಲಿತುಬಿಟ್ಟಿತು. ಪ್ರಿನ್ಸಿಪಾಲರೂ ಕಲಿತರು, ಇಂಥ ಮೇಷ್ಟ್ರನ್ನು ಇಟ್ಟುಕೊಳ್ಳಬಾರದೆಂದು. ನಾನು ಗೇಮ್ ಡೆವಲಪರ್ ಆದದ್ದು ಹೀಗೆ. ಕನಸಿನ ಬೆನ್ನು ಹತ್ತಿ ಹೋದೆ ಎಂದು ಆಮೇಲೆ ಎಲ್ಲರ ಹತ್ತಿರ ಹೇಳಿಕೊಂಡೆ.

ಈ ಉದ್ಯೋಗದ ಹೆಸರು ಹೇಳುವುದೇ ಒಂದು ಕಷ್ಟ. "ಆಟ ಮಾಡ್ತೀನಿ" ಎಂದರೆ ನಾಟಕದ ಕಂಪನಿ ಸೇರಿದೆ ಅಂದುಕೊಳ್ಳುತ್ತಾರೆ. ಬನಶಂಕರಿಯ ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯ ಆಂಟಿ ಕೇಳಿದರು, "ಏನ್ ಮಾಡ್ಕೊಂಡಿದೀಯಪ್ಪ?"

"ಗೇಮ್ ಮಾಡ್ತೀನಿ ಆಂಟಿ."

"ಅದಿರ್ಲಿ, ಮಿಕ್ಕಿದ್ ಟೈಮಲ್ಲಿ?"

ಮಿಕ್ಕ ಟೈಮಲ್ಲಿ ನಾನು ಎಂಜಿನ್ ಬದಲಾಯಿಸುತ್ತಿದ್ದೆ. ಗೇಮ್ ಎಂಜಿನ್ ಎಂದರೆ ಗಾಬರಿಯಾಗಬೇಡಿ. ಗೋಡೆಯೊಳಗೆ ಮನುಷ್ಯ ತೂರಿಹೋಗದ ಹಾಗೆ, ಚೆಂಡು ಮೇಲಕ್ಕೆ ಬೀಳದ ಹಾಗೆ ನೋಡಿಕೊಳ್ಳುವ ಸಿದ್ಧ ತಂತ್ರಾಂಶ ಅದು. ದೇವರು ಮಾಡಬೇಕಾದ ಕೆಲಸವನ್ನೆಲ್ಲ ಮೊದಲೇ ಮಾಡಿಟ್ಟಿರುತ್ತದೆ, ಕತೆ ಮಾತ್ರ ನಾವು ತರಬೇಕು. ಕತೆ ನನ್ನ ಹತ್ತಿರ ಇತ್ತು. ಅಜ್ಜಿಯೊಬ್ಬಳು ನಮ್ಮ ಮುಖ್ಯರಸ್ತೆ ದಾಟಬೇಕು. ಬಸ್ಸು, ಆಟೋ, ಊಟ ತಲುಪಿಸುವ ಬೈಕು ಯಾವುದು ಗುದ್ದಿದರೂ ಮೊದಲಿನಿಂದ ಶುರು.

ಚಿತ್ರ ಬರೆಯುತ್ತಿದ್ದವಳು ನನ್ನ ಕಾಲೇಜಿನ ಗೆಳತಿ ಹರಿಣಿ. ಕತ್ರಿಗುಪ್ಪೆಯಿಂದ ಸ್ಕೂಟಿಯಲ್ಲಿ ಬಂದು, ಮಹಡಿಯ ನೀರಿನ ತೊಟ್ಟಿಯ ನೆರಳಿನಲ್ಲಿ ಕೂತು ಬರೆಯುತ್ತಿದ್ದಳು. ಅಜ್ಜಿಗೆ ಮಾದರಿ ಹುಡುಕಲು ಅವಳು ದೂರ ಹೋಗಲಿಲ್ಲ, ಕೆಳಗೆ ಬಗ್ಗಿ ನೋಡಿದಳು. ಗೇಟಿನ ಹತ್ತಿರ ಮುನಿಯಮ್ಮ ನಿಂತಿದ್ದರು. ಎತ್ತಿ ಸಿಕ್ಕಿಸಿದ ಸೀರೆ, ಸೊಂಟದಲ್ಲಿ ಎಲೆ ಅಡಿಕೆ ಚೀಲ, ಯಾರನ್ನಾದರೂ ನಿಲ್ಲಿಸುವುದಕ್ಕೆಂದೇ ಮಾಡಿಸಿದಂತಿದ್ದ ಬಲಗೈ.

ಮೊದಲ ಎಂಜಿನ್ ಜನಪ್ರಿಯವಾದದ್ದು. ಅದರಲ್ಲಿ ನಮ್ಮ ಆಟೋ ಅಜ್ಜಿಗೆ ತಾಕಿದರೆ ಅಜ್ಜಿಗೇನೂ ಆಗುತ್ತಿರಲಿಲ್ಲ, ಆಟೋ ಮಾತ್ರ ಆಕಾಶಕ್ಕೆ ಹಾರುತ್ತಿತ್ತು. ತಪ್ಪು ನನ್ನದು. ಆದರೆ ತಪ್ಪು ಹುಡುಕುವುದಕ್ಕಿಂತ ಎಂಜಿನ್ ಬಿಡುವುದು ಸುಲಭ. ಎರಡನೆಯದು ಭಾರಿ ಎಂಜಿನ್, ನೋಡಲು ಸಖತ್. ಮಳೆ ನಿಂತ ಮೇಲಿನ ಟಾರು ರಸ್ತೆ, ಅದರಲ್ಲಿ ಸಿಗ್ನಲ್ಲಿನ ಕೆಂಪು ಬೆಳಕು, ಗುಂಡಿಯ ನೀರಿನಲ್ಲಿ ಅಲುಗುವ ಬೇಕರಿಯ ಬೋರ್ಡು. ಗುಂಡಿಯನ್ನು ಅಷ್ಟು ಪ್ರೀತಿಯಿಂದ ಬೆಂಗಳೂರಿನಲ್ಲಿ ಯಾರೂ ನೋಡಿರಲಾರರು. ತಿಂಗಳುಗಟ್ಟಲೆ ನಾನು ಗುಂಡಿ ಮಾಡಿದೆ. ಅಜ್ಜಿ ಫುಟ್‌ಪಾತಿನಲ್ಲೇ ನಿಂತಿದ್ದಳು. ಆಮೇಲೆ ಯಾರೋ ಮೂರನೆಯದೊಂದು ಪುಟ್ಟ, ಪುಕ್ಕಟೆ ಎಂಜಿನ್ನಿನ ಗುಣಗಾನ ಮಾಡಿದರು. ಮತ್ತೆ ಮೊದಲಿನಿಂದ ಶುರು ಮಾಡೋಣ ಎಂದೆ.

ಹರಿಣಿ ಪೆನ್ಸಿಲ್ ಕೆಳಗಿಟ್ಟಳು. "ಮಗಾ, ನೀನು ಗೇಮ್ ಮಾಡ್ತಿಲ್ಲ, ಹೆಣ್ಣು ನೋಡಕ್ಕೆ ಹೋಗ್ತಿದೀಯ. ಪ್ರತಿ ಮನೇಲೂ ಉಪ್ಪಿಟ್ಟು ಕೇಸರಿಬಾತ್ ತಿನ್ನೋದು, ಆಮೇಲೆ ಹೇಳ್ತೀವಿ ಅಂತ ಎದ್ದು ಬರೋದು."

"ಇದೊಂದೇ ಸಲ ಕಣೇ."

"ಅಜ್ಜಿ ಒಂದು ಸಲಾನಾದ್ರೂ ರಸ್ತೆ ದಾಟಿದಾಳಾ? ದಾಟಿದ ದಿನ ಫೋನ್ ಮಾಡು."

ಸ್ಕೂಟಿ ಹೋದ ಸದ್ದು ಕೇಳಿತು. ನಾಳೆ ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ. ಆ ವಾರವೂ ಇಲ್ಲ, ಆ ತಿಂಗಳೂ ಇಲ್ಲ. ಮಹಡಿಯ ಮೇಲೆ ನಾನು, ತೊಟ್ಟಿ, ಒಣಹಾಕಿದ ಬಟ್ಟೆ. ನಕ್ಕು ಮರೆಯಬಹುದಾದ ಜಗಳ ಅದಲ್ಲ ಎನ್ನುವುದು ನನಗೆ ನಿಧಾನವಾಗಿ ತಿಳಿಯಿತು.

ಹಟಕ್ಕೆ ಬಿದ್ದು ಮೂರನೆಯ ಎಂಜಿನ್ನಿನಲ್ಲಿ ಒಬ್ಬನೇ ಕೆಲಸ ಮಾಡಿದೆ. ಒಂದು ಮಧ್ಯಾಹ್ನ ನನ್ನ ಲ್ಯಾಪ್‌ಟಾಪ್, ಹಳೆಯ ಮಾನಿಟರ್, ಇಸ್ತ್ರಿಪೆಟ್ಟಿಗೆ ಮೂರೂ ಸೇರಿ ಇಡೀ ಕಟ್ಟಡದ ಫ್ಯೂಸ್ ಹಾರಿಸಿದವು. ಧಾರಾವಾಹಿ ಅರ್ಧಕ್ಕೆ ನಿಂತ ಸಿಟ್ಟಿನಲ್ಲಿ ಮುನಿಯಮ್ಮ ಮೇಲೆ ಬಂದರು. ಬೈಯಲು ಬಾಯಿ ತೆರೆದವರು ಸ್ಕ್ರೀನ್ ನೋಡಿ ನಿಂತರು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇತ್ತು. ಅಜ್ಜಿಗೆ ಬಸ್ಸು ಗುದ್ದಿತು. ಅಜ್ಜಿ ಗಿರಗಿರ ತಿರುಗಿ ಬಿದ್ದಳು. ಚೀಲದಿಂದ ಅಡಿಕೆ ಚೆಲ್ಲಿತು.

"ಯಾರ್ ಮೇಷ್ಟ್ರೇ ಅದು?"

"ಯಾರೂ ಅಲ್ಲಮ್ಮ, ಒಂದು ಬೊಂಬೆ."

"ಸೀರೆ ನಂದು, ಚೀಲ ನಂದು, ಬೊಂಬೆ ಅಂತೀಯಾ? ಬಾಡಿಗೆಗೆ ಮನೆ ಕೊಟ್ರೆ ನನ್ನೇ ಬಸ್ಸಿನ ಕೆಳಗೆ ಹಾಕ್ತೀಯೇನೋ!" 'ನೀವು' ಹೋಗಿ 'ನೀನು' ಬಂದಿತ್ತು. "ನಡಿ ಕೆಳಗೆ."

ಚಪ್ಪಲಿ ಮೆಟ್ಟಲೂ ಬಿಡದೆ ಮುಖ್ಯರಸ್ತೆಗೆ ಎಳೆದುಕೊಂಡು ಹೋದರು. ಎಡಬಲ ನೋಡಲೇ ಇಲ್ಲ. ಕೈಯೆತ್ತಿ ಇಳಿದೇಬಿಟ್ಟರು. ಬಸ್ಸೊಂದು ಕಿರ್ ಎಂದು ನಿಂತಿತು. ಹಾರ್ನ್ ಒತ್ತಿದ ಕಾರಿನವನಿಗೆ, "ಏಯ್, ನಮ್ ರಾಗಿ ಹೊಲ್ದಾಗೆ ಬಂದು ನನಗೇ ಪೀಂ ಅಂತೀಯಾ?" ಎಂದರು. ಅವನು ಕಿಟಕಿ ಏರಿಸಿಕೊಂಡ.

ಆಚೆ ಬದಿ ಸೇರಿದ ಮೇಲೆ, "ಹೊಲಾನಾ ಅಮ್ಮ?" ಎಂದೆ.

"ಮತ್ತಿನ್ನೇನು? ಆ ಮೆಡಿಕಲ್ ಶಾಪಿಂದ ಈ ಬಸ್‌ಸ್ಟಾಪ್‌ಗಂಟ ನಮ್ದೇ. ನಮ್ಮಪ್ಪ ಉತ್ತಿದ್ದು. ಲೇಔಟ್ ಮಾಡ್ತೀವಿ ಅಂತ ತಗಂಡ್ರು, ರಸ್ತೆ ಹಾಕುದ್ರು." ಎಲೆಗೆ ಸುಣ್ಣ ಸವರಿದರು. "ನಮ್ ಹೊಲ ನಾವು ದಾಟಕ್ಕೆ ಹೆದರಿಕೋತಾರೇನೋ?"

ಅವರು ನನಗೆ ಬುದ್ಧಿ ಹೇಳಲು ಇದನ್ನೆಲ್ಲ ಹೇಳಲಿಲ್ಲ, ಸಿಟ್ಟಿಗೆ ಹೇಳಿದರು. ಆದರೆ ವಾಪಸು ದಾಟುವಾಗ ನಾನು ಅವರ ಪಾದಗಳನ್ನೇ ನೋಡುತ್ತಿದ್ದೆ. ಟಾರಿನ ಮೇಲೆ ಅವರು ನಡೆಯುತ್ತಿದ್ದದ್ದು ಸಾಲಿನ ನಡುವೆ ನಡೆಯುವ ಹಾಗೆ, ಪೈರು ತುಳಿಯದ ಹಾಗೆ.

ಮನೆಗೆ ಬಂದು ಅಜ್ಜಿ ಸಾಯುವುದನ್ನು ಆಟದಿಂದ ಕಿತ್ತುಹಾಕಿದೆ. ಈಗ ಅವಳು ಕೈಯೆತ್ತಿ ಬೈದರೆ ಬಸ್ಸುಗಳು ನಿಲ್ಲುತ್ತಿದ್ದವು. ಅವಳು ಹೆಜ್ಜೆಯಿಟ್ಟಲ್ಲಿ ಟಾರು ಮಾಯವಾಗಿ ಒಂದು ಕ್ಷಣ ರಾಗಿ ತೂಗುತ್ತಿತ್ತು. ಆಮೇಲೆ ಹರಿಣಿಗೆ ಫೋನ್ ಮಾಡಿದೆ.

"ದಾಟಿದ್ಲು ಕಣೇ."

"ಯಾವ ಎಂಜಿನ್‌ನಲ್ಲಿ?"

"ಮೂರನೇದು. ನೀನು ಯಾವುದ್ರಲ್ಲಿ ಮಾಡು ಅಂದ್ರೂ ಮಾಡ್ತೀನಿ. ರಾಗಿ ಬರೆಯೋರು ಬೇಕು, ನಾನು ಬರೆದ್ರೆ ಪೊರಕೆ ಥರ ಕಾಣತ್ತೆ."

"ಕಳಿಸು, ನೋಡ್ತೀನಿ" ಎಂದಳು. ಪೊರಕೆ ನೋಡಿ ನಕ್ಕಿರಬೇಕು. ಮರುದಿನ ಗೇಟಿನ ಹತ್ತಿರ ಸ್ಕೂಟಿಯ ಸದ್ದು ಕೇಳಿ ನಾನು ಮೆಟ್ಟಿಲು ಎರಡೆರಡು ಹಾರಿಕೊಂಡು ಇಳಿದೆ.

ಆಟ ಮುಗಿಯಿತು, ಬಿಡುಗಡೆಯೂ ಆಯಿತು. ಜಗತ್ತೇನೂ ಅಲ್ಲಾಡಲಿಲ್ಲ. ಆದರೂ ಎಲ್ಲೆಲ್ಲೋ ಇರುವ ಜನ ಆಡಿದರು, ಅಜ್ಜಿಯ ಬೈಗುಳಗಳಿಗೆ ಅರ್ಥ ಕೇಳಿ ಬರೆದರು. ಅದರ ಬಲದಿಂದ ನಾವಿಬ್ಬರೂ ಇನ್ನೂ ಈ ಕೆಲಸದಲ್ಲೇ ಇದ್ದೇವೆ. ಮೊನ್ನೆ ಭಾನುವಾರ, ಈಗ ಬನಶಂಕರಿಯ ಮಗಳ ಮನೆಯಲ್ಲಿರುವ ಮುನಿಯಮ್ಮನನ್ನು ನೋಡಲು ಹೋಗಿದ್ದೆ. ಮಂಡಿ ನೋವು, ಹೊರಗೆ ಓಡಾಟವಿಲ್ಲ. ಆಟವನ್ನು ಮೊಬೈಲಿಗೆ ಹಾಕಿಕೊಂಡು ಹೋಗಿದ್ದೆ. ಬೆರಳಿನಿಂದ ಅಜ್ಜಿಯನ್ನು ರಸ್ತೆಯ ಮಧ್ಯದವರೆಗೆ ನಡೆಸಿ ಅಲ್ಲೇ ನಿಲ್ಲಿಸಿಬಿಟ್ಟರು. ಬಸ್ಸುಗಳು ಸಾಲುಗಟ್ಟಿದವು.

"ಯಾಕಮ್ಮ, ನಿಂತ್ಬಿಟ್ರಿ?"

"ಇರೋ, ಏನ್ ಅವಸರ. ಇಲ್ಲಿ ಬಾವಿ ಇತ್ತು. ನಾನು ಈಜು ಕಲ್ತಿದ್ದೇ ಅದ್ರಾಗೆ." ಮಂಡಿಯ ಮೇಲೆ ಮೊಬೈಲ್ ಇಟ್ಟುಕೊಂಡು ನೋಡುತ್ತಲೇ ಇದ್ದರು. "ಹಾಕ್ತೀಯಾ?"

ಹಾಕದೆ ಇರಲಾದೀತೇ? ಇವತ್ತು ಬೆಳಗಿನಿಂದ ಬಾವಿ ತೋಡುತ್ತಿದ್ದೇನೆ, ಅದಕ್ಕೇ ಲ್ಯಾಪ್‌ಟಾಪ್ ಕಾದಿರುವುದು. ನಮ್ಮ ಪುಟ್ಟ ಎಂಜಿನ್ನಿನಲ್ಲಿ ನೀರು ಅಷ್ಟು ಚೆನ್ನಾಗಿ ಬರುವುದಿಲ್ಲ, ತೆಳ್ಳಗಿನ ಸಾರಿನ ಹಾಗೆ ಕಾಣುತ್ತದೆ. ಬರದಿದ್ದರೆ ಇಲ್ಲ, ಬಾವಿಯಂತೂ ಇರುತ್ತದೆ. ಈಗಷ್ಟೇ ಹರಿಣಿ ಮುನಿಯಮ್ಮನಿಗೆ ಫೋನ್ ಮಾಡಿ, ಈಜಲು ಬಾವಿಗೆ ಸೀರೆ ಉಟ್ಟುಕೊಂಡೇ ಹಾರುತ್ತಿದ್ದರಾ ಎಂದು ಕೇಳಿದಳಂತೆ.

"ಕೇಳೋದ್ ನೋಡು! ಆಗ ನಂಗೆ ಲಂಗ ಕಣಮ್ಮ" ಎಂದರಂತೆ.

ಹಾಗಾಗಿ ರಸ್ತೆಯ ನಡುವೆ ಹಾರುವಾಗ ಅಜ್ಜಿ, ನೀರಿನಿಂದ ತಲೆಯೆತ್ತುವಾಗ ಲಂಗದ ಹುಡುಗಿ. ಅವಳು ಈಜಿ ಸಾಕಾಗಿ ಮೇಲೆ ಬರುವವರೆಗೆ ಬಸ್ಸುಗಳು ಕಾಯಬೇಕು. ಎಷ್ಟು ಹೊತ್ತು ಎಂದು ಎಂಜಿನ್ ಕೇಳುತ್ತಿದೆ. ಅಂಕಿ ಬರೆಯಬೇಕಾದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.