ಉಸಿರಿನಲ್ಲಿ ಗಾಜು ಓದುವ ಪುಟ್ಟಗಂಗಮ್ಮ

ಬೆಳಿಗ್ಗೆ ಆರು ಗಂಟೆ. ಪುಟ್ಟಗಂಗಮ್ಮ ಗಾಜು ತೊಳೆಯುತ್ತಿದ್ದಾರೆ.

ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಲಾರಿಗಳ ಓಡಾಟ ಇನ್ನೂ ಶುರುವಾಗಿಲ್ಲ. ಸಣ್ಣದೊಂದು ಸಂಶೋಧನಾ ಲ್ಯಾಬಿನ ಸಿಂಕಿನ ಮುಂದೆ ನಿಂತು, ಎರಡು ಬೆರಳಗಲದ ಗಾಜಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಊದುತ್ತಾರೆ. ಮಂಜು ಒಂದೇ ಸಮನೆ ಕಟ್ಟಿ ಆರಿದರೆ ಗಾಜು ಶುದ್ಧ. ಚುಕ್ಕೆ ಚುಕ್ಕೆಯಾಗಿ ಒಡೆದರೆ ಅದರ ಜೊತೆ ತೊಳೆದ ಹತ್ತೂ ಪಟ್ಟಿಗಳು ಮತ್ತೆ ನೀರಿಗೆ. ದಿನಕ್ಕೆ ಅರವತ್ತು ಪಟ್ಟಿ, ಒಂದೊಂದಕ್ಕೂ ಮೂರು ಸಲ ತೊಳೆತ.

ಈ ಗಾಜಿನ ಮೇಲೆ ಬೆಳೆಯುವುದು ಪ್ರೋಟೀನ್ ತುಣುಕುಗಳ ತೆಳು ಪೊರೆ. ಜೀವಕೋಶದಲ್ಲಿ ನಡೆಯುವಂತೆಯೇ ಅಣುಗಳು ಇಲ್ಲಿ ತಾವಾಗಿ ಸಾಲುಗೂಡುತ್ತವೆ. ಸಾಲು ಸರಿಯಿದ್ದರೆ ಪೊರೆಯಲ್ಲಿ ವಿದ್ಯುತ್ ಹರಿಯುತ್ತದೆ. ಮೈಗೆ ಅಂಟಿಸಬಹುದಾದ, ಬಾಗುವ ಎಲೆಕ್ಟ್ರಾನಿಕ್ ಸಾಧನಗಳನ್ನು ಇದರಿಂದ ಮಾಡುವುದು ಲ್ಯಾಬಿನ ಗುರಿ. ಪುಟ್ಟಗಂಗಮ್ಮನ ವಿವರಣೆ ಇನ್ನೂ ಚಿಕ್ಕದು: "ಹಾಲಿಗೆ ಹೆಪ್ಪಾಕ್ದಂಗೆ. ಪಾತ್ರೆ ಚೊಕ್ಕಾಗಿರ್ಬೇಕು, ಆಮೇಲೆ ಅಲ್ಲಾಡಿಸ್ಬಾರ್ದು. ಅದರ ಪಾಡಿಗೆ ಅದು ಕಟ್ಕಂತದೆ."

ಊರ್ಡಿಗೆರೆಯ ಇವರಿಗೆ ಐವತ್ತೊಂದು. ಓದಿದ್ದು ಏಳನೇ ಕ್ಲಾಸು. ಮೊದಲು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದರು; ಲ್ಯಾಬಿಗೆ ಬಂದು ಆರು ವರ್ಷ.

ಕಳೆದ ಚಳಿಗಾಲದಲ್ಲಿ ಒಂಬತ್ತು ವಾರ ಪೊರೆ ಕಟ್ಟಲೇ ಇಲ್ಲ. ಆ ತಿಂಗಳ ಕೊನೆಯೊಳಗೆ ಪರೀಕ್ಷೆಗೆ ಒಳ್ಳೆಯ ಮಾದರಿ ಕಳಿಸದಿದ್ದರೆ ಯೋಜನೆ ಬಂದ್. ವಿಜ್ಞಾನಿ ಶಾಂತಲಾ ರಾಸಾಯನಿಕ ಬದಲಿಸಿದರು, ನೀರು ಬದಲಿಸಿದರು. ಒಂದು ಬೆಳಿಗ್ಗೆ ಪುಟ್ಟಗಂಗಮ್ಮ, ಕನ್ನಡಕಕ್ಕೆ ಊದುವಂತೆ, ತೊಳೆದಿಟ್ಟ ಗಾಜಿಗೆ ಊದಿ ನೋಡಿದರು. ಮಂಜಿನ ನಡುವೆ ಹೆಬ್ಬೆರಳ ಗುರುತು. ತಮ್ಮದೇ. ಆ ಸಲದ ಚಳಿಗೆ ಕೈ ಒಡೆಯುತ್ತದೆಂದು ಮನೆಯ ಕೊಬ್ಬರಿ ಎಣ್ಣೆ ಸವರಿಕೊಂಡು, ಅದೇ ಕೈಯಲ್ಲಿ ಗ್ಲೌಸು ಎಳೆದುಕೊಳ್ಳುತ್ತಿದ್ದರು; ಎಣ್ಣೆ ಗ್ಲೌಸಿನ ಹೊರಮೈಗೂ ಹತ್ತುತ್ತಿತ್ತು.

ಹೇಳಿದರೆ ಕೆಲಸ ಹೋದೀತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಒಂಬತ್ತು ಗಂಟೆಗೆ ಶಾಂತಲಾ ಬರುವುದನ್ನೇ ಕಾದು ಬಾಗಿಲಲ್ಲೇ ಹೇಳಿದರು: "ಮೇಡಮ್, ಎಣ್ಣೆ ನಂದು. ಬೈಯೋದಾದ್ರೆ ಈಗ್ಲೇ ಬೈದ್ಬುಡಿ."

ಶಾಂತಲಾ ನಕ್ಕುಬಿಟ್ಟರು. "ಗಂಗಮ್ಮಾ, ನಾನು ಒಂಬತ್ತು ವಾರದಿಂದ ತಪ್ಪನ್ನ ಬಾಟ್ಲೀಲಿ ಹುಡುಕ್ತಾ ಇದೀನಿ! ನಾಳೆಯಿಂದ ಗಾಜು ಪಾಸ್ ಮಾಡೋದು ನೀವೇ."

ಈಗ ಎಣ್ಣೆ ಭಾನುವಾರ ಮಾತ್ರ. ಗಂಡ ಜುಂಜಪ್ಪ ಸುಮ್ಮನಿರುವವರಲ್ಲ: "ಏನಮ್ಮೀ, ತೋಟದ್ ತುಂಬ ತೆಂಗು ಮಡಿಕ್ಕಂಡು ಸನ್ಯಾಸಿ ಥರ ಒಣಗ್ತಿದ್ದೀಯ?"

"ನಗಾಡು ಬುಡು," ಎನ್ನುತ್ತಾರೆ ಪುಟ್ಟಗಂಗಮ್ಮ. "ನಾನು ಊಂ ಅನ್ದಲೆ ಅಲ್ಲಿ ಒಂದ್ ಗಾಜೂ ಒಳೀಕ್ ಹೋಗಂಗಿಲ್ಲ."

ಎಣ್ಣೆಯ ಗುಟ್ಟು ಬಯಲಾದ ಆ ತಿಂಗಳ ಇಪ್ಪತ್ತೆಂಟಕ್ಕೆ ಹನ್ನೆರಡು ಮಾದರಿಗಳು ಪರೀಕ್ಷೆಗೆ ಹೋದವು. ಹನ್ನೊಂದರಲ್ಲಿ ವಿದ್ಯುತ್ ಹರಿಯಿತು. ಯೋಜನೆ ಇನ್ನೆರಡು ವರ್ಷ ಮುಂದುವರಿದಿದೆ.