ಅಕ್ಕಿಯ ಮೇಲಿನ ಅಂಗೈ ಗುರುತು

ಅವರ ಬಲಗೈ ಕಿರುಬೆರಳು ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಒರಳುಕಲ್ಲಿಗೆ ಸಿಕ್ಕಿ ಮುರಿದದ್ದು ಸರಿಯಾಗಿ ಕೂಡಿಕೊಳ್ಳದೆ ಹೊರಕ್ಕೆ ಬಾಗಿ ನಿಂತುಬಿಟ್ಟಿತ್ತು. ಅವರು ಕೈಯಾಡಿಸಿ ಮಾತಾಡುವಾಗ ಆ ಬೆರಳು ಎದುರಿಗೆ ನಿಂತವರನ್ನೇ ತೋರಿಸುತ್ತಿತ್ತು. ಬೈಯದೆ ಇದ್ದಾಗಲೂ ಬೈಸಿಕೊಂಡ ಹಾಗಾಗುತ್ತಿತ್ತು. ನನ್ನ ಗಂಡನ ಅಣ್ಣನ ಹೆಂಡತಿ ಅವರು, ನನ್ನ ವಾರಗಿತ್ತಿ. ಸತ್ತವರ ವಿಷಯದಲ್ಲಿ ಒಳ್ಳೆಯದನ್ನೇ ಬರೆಯಬೇಕು ಎನ್ನುವವರು ಇದನ್ನು ಇಲ್ಲಿಗೇ ಮಡಚಿಡಬಹುದು.

ಮೈಸೂರಿನ ಚಾಮರಾಜಪುರದ ಆ ಮನೆಗೆ ನಾನು ಹದಿನಾರನೇ ವಯಸ್ಸಿಗೆ ಸೊಸೆಯಾಗಿ ಬಂದೆ. ಬಂದ ಮಾರನೇ ದಿನವೇ ತಿಳಿಯಿತು, ಈ ಮನೆಯಲ್ಲಿ ಎಲ್ಲಕ್ಕೂ ಗುರುತು ಇದೆ ಎಂದು. ತುಪ್ಪದ ಗಿಂಡಿಗೆ ಒಳಗಡೆ ಇದ್ದಿಲಿನ ಗೆರೆ. ಬೆಲ್ಲದ ಡಬ್ಬಕ್ಕೆ ದಾರ, ದಾರಕ್ಕೆ ಅವರಿಗೆ ಮಾತ್ರ ಹಾಕಲು ಬರುವ ಗಂಟು. ಊರಿನ ಗದ್ದೆಯಿಂದ ವರ್ಷಕ್ಕೊಮ್ಮೆ ಬರುವ ಅಕ್ಕಿಯನ್ನು ಸೊಂಟದೆತ್ತರದ ಮಣ್ಣಿನ ಗುಡಾಣಕ್ಕೆ ಸುರಿದು, ಮೇಲ್ಭಾಗ ಸಮ ಮಾಡಿ, ನಡುವೆ ಅಂಗೈ ಒತ್ತುತ್ತಿದ್ದರು. ಬೇಕಾದಾಗ ತಾವೇ ತೆಗೆದು, ಮತ್ತೆ ಸಮ ಮಾಡಿ, ಮತ್ತೆ ಒತ್ತುತ್ತಿದ್ದರು. ಆ ಸೊಟ್ಟ ಬೆರಳಿನ ಗುರುತನ್ನು ಬೇರೆ ಯಾರೂ ಮೂಡಿಸುವ ಹಾಗಿರಲಿಲ್ಲ.

"ನಂಬಿಕೆ ಅನ್ನೋದು ದೇವರ ಮನೇಲಿರ್ಲಿ ಕಣೆ, ಅಡುಗೆ ಮನೆಗೆ ಬ್ಯಾಡ," ಎನ್ನುತ್ತಿದ್ದರು. ನನ್ನನ್ನು ನೋಡಿಕೊಂಡೇ ಅನ್ನುತ್ತಿದ್ದರು.

ಸ್ವಾತಂತ್ರ್ಯ ಬಂದ ಮರುವರ್ಷ ನಮ್ಮತ್ತೆ ತೀರಿಕೊಂಡರು. ಸಾಯುವ ಮುಂಚೆ ಇಬ್ಬರು ಸೊಸೆಯರನ್ನೂ ಕರೆದು, ತಮ್ಮ ಎರಡೆಳೆ ಚಿನ್ನದ ಅಡ್ಡಿಕೆಯನ್ನು ಕುತ್ತಿಗೆಯಿಂದ ಬಿಚ್ಚಿ, ಆಳಿಗೊಂದು ಎಳೆ ಎಂದರು. ತಿಥಿ ಮುಗಿಯುವ ತನಕ ಅದು ಭದ್ರವಾಗಿರಲೆಂದು ವಾರಗಿತ್ತಿ ನನ್ನೆದುರಿಗೇ ಗುಡಾಣದ ಅಕ್ಕಿಯೊಳಗೆ ಹೂತಿಟ್ಟು, ಸಮ ಮಾಡಿ, ಅಂಗೈ ಒತ್ತಿದರು.

ಪಾಲು ಮಾಡುವ ದಿನ ನೆಂಟರೆಲ್ಲ ನಡುಮನೆಯಲ್ಲಿ ಕೂತಿದ್ದರು. ಗುಡಾಣದ ಮುಚ್ಚಳ ತೆಗೆದರೆ ಗುರುತು ಇದ್ದ ಹಾಗೇ ಇದೆ, ಐದು ಬೆರಳು, ಒಂದು ಸೊಟ್ಟ. ವಾರಗಿತ್ತಿ ಮೊಣಕೈವರೆಗೆ ಕೈ ಹಾಕಿ ತಡಕಿದರು. ಅಡ್ಡಿಕೆ ಇಲ್ಲ.

ಅವರು ನನ್ನ ಕಡೆ ತಿರುಗಿದರು. ಆ ಬೆರಳೂ ತಿರುಗಿತು.

"ಇಟ್ಟಾಗ ಕಂಡೋಳು ನೀನೊಬ್ಬಳೆ. ಅದೇನು ಮಾಟ ಮಾಡ್ಬುಟ್ಟೆಯೋ, ಎಂಗೆ ತಗೊಂಡ್ಯೋ, ನಮ್ಮತ್ತೆ ಒಡವೆ ನಮ್ಮತ್ತೆ ಹೋದ ತಿಂಗಳಿಗೇ ನುಂಗಿ ನೀರು ಕುಡಿದ್ಬುಟ್ಟಲ್ಲೆ!"

ನಾನು ಅತ್ತುಕೊಂಡೇ ಆಣೆ ಇಟ್ಟೆ, ಪೆಟ್ಟಿಗೆ ತೆರೆದು ಸೀರೆಗಳನ್ನೆಲ್ಲ ಕೊಡವಿ ತೋರಿಸಿದೆ. ಅಂದು ಮಧ್ಯಾಹ್ನ ನನ್ನ ಗಂಡ ಹಿತ್ತಿಲಿಗೆ ಕರೆದು ಮೆಲ್ಲಗೆ ಕೇಳಿದರು: "ನಿಜ ಹೇಳು, ನಾನೇನೂ ಅನ್ನಲ್ಲ. ತಗೊಂಡಿದ್ದೀಯಾ?" ವಾರಗಿತ್ತಿಯ ಬೈಗುಳ ಮರೆತೇನು, ಈ ಪ್ರಶ್ನೆಯನ್ನು ಮರೆಯಲಾರೆ. ಇದನ್ನೂ ವಾರಗಿತ್ತಿಯ ಲೆಕ್ಕಕ್ಕೇ ಸೇರಿಸುತ್ತೇನೆ.

ಮನೆಯ ನಡುವೆ ಗೋಡೆ ಎದ್ದಿತು. ಬಾವಿ ಮಾತ್ರ ಇಬ್ಬರಿಗೂ ಒಂದೇ ಉಳಿಯಿತು. ಆಮೇಲೆ ಹದಿನೈದು ವರ್ಷ ನಾನು ಯಾರ ಮನೆಯ ಮದುವೆಗೆ ಹೋದರೂ ಒಡವೆಪೆಟ್ಟಿಗೆ ನಾನಿರುವ ಕೋಣೆಯಿಂದ ಪಕ್ಕದ ಕೋಣೆಗೆ ಹೋಗುತ್ತಿತ್ತು. "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಲೇ ಬೀರುವಿನ ಬೀಗ ಎಳೆದು ನೋಡುತ್ತಿದ್ದರು. ನನ್ನ ಮಗಳ ಮದುವೆಯ ಮನೆಯಲ್ಲೂ ಹಾಗೇ ಆಯಿತು.

ಐವತ್ತು ದಾಟಿದ ಮೇಲೆ, ಮಕ್ಕಳೆಲ್ಲ ಒಂದು ದಡ ಸೇರಿದ ಮೇಲೆ, ನನಗೆ ಪತ್ತೇದಾರಿ ಕಾದಂಬರಿಯ ಹುಚ್ಚು ಹಿಡಿಯಿತು. ಬಾಡಿಗೆ ಲೈಬ್ರರಿಯ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದೆ. ಎಲ್ಲದರಲ್ಲೂ ಪಿಸ್ತೂಲು, ಹಡಗು, ಗಡ್ಡದವನು. ಕಳ್ಳತನ ಆಗುವುದು ಅಡುಗೆ ಮನೆಯಲ್ಲಿ ಎಂದು ಇವರಿಗೆ ಯಾರೂ ಹೇಳಿಲ್ಲವಲ್ಲ ಅನ್ನಿಸಿತು. ಮಗನ ಹಳೆಯ ನೋಟುಪುಸ್ತಕದ ಖಾಲಿ ಹಾಳೆಗಳಲ್ಲಿ ನಾನೇ ಬರೆಯಲು ಕೂತೆ. ಹೆಣ ಬೀಳದ, ರಕ್ತ ಹರಿಯದ ಕತೆ. ತುಪ್ಪದ ಗೆರೆ ನೋಡಿ ಕಳ್ಳರನ್ನು ಹಿಡಿಯುವ ಒಬ್ಬ ಅಜ್ಜಿ, ಒಡವೆ ಕಳೆದುಕೊಂಡ ಒಂದು ಮನೆ.

ಅಜ್ಜಿಗೆ ವಾರಗಿತ್ತಿಯ ಕಣ್ಣು, ಮೂಗು, ಗಂಟು, ಗೆರೆ ಎಲ್ಲವನ್ನೂ ಕೊಟ್ಟೆ. ಆದರೆ ಕಳ್ಳರು ಯಾರು? ಮೂರು ತಿಂಗಳು ಕೊನೆ ಸಿಗದೆ ಒದ್ದಾಡಿದೆ. ಒಂದು ದಿನ ಗುರುತು ಹೇಗೆ ಕಾಣುತ್ತದೆಂದು ಬರೆಯುವುದಕ್ಕಾಗಿ ನನ್ನ ಡಬ್ಬದ ಅಕ್ಕಿಯನ್ನು ಸಮ ಮಾಡಿ ಅಂಗೈ ಒತ್ತಿ ನೋಡಿದೆ. ಐದು ಬೆರಳೂ ನೆಟ್ಟಗೆ ಮೂಡಿದವು. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು, ನಾನು ಏಳಲಿಲ್ಲ.

ಗುರುತು ಕೆಡದೆ ಇತ್ತು. ಹಾಗಾದರೆ ತೆಗೆದವರು ಮತ್ತೆ ಒತ್ತಿದ್ದಾರೆ. ಆ ಗುರುತನ್ನು ಒತ್ತಬಲ್ಲ ಕೈ ಮೈಸೂರಿನಲ್ಲೆಲ್ಲ ಒಂದೇ. ಇಷ್ಟು ಸುಲಭದ್ದು, ನಡುಮನೆ ತುಂಬ ಕೂತಿದ್ದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹದಿನೈದು ವರ್ಷ ನನಗೂ ಹೊಳೆಯಲಿಲ್ಲ. ಕಾವಲುಗಾರರ ಕೈಯನ್ನೇ ಅನುಮಾನಿಸಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ನನ್ನ ಪಾಲಿನ ಒಂದೆಳೆಗಾಗಿ ಅವರು ನನ್ನ ಮಾನವನ್ನೇ ಎಳೆದುಹಾಕಿದ್ದರು.

ಹೋಗಿ ಜಗಳ ಆಡಲಿಲ್ಲ. ಬರೆದೆ. ವಾರಗಿತ್ತಿಯನ್ನು ಎರಡು ಭಾಗ ಮಾಡಿ, ಒಂದನ್ನು ಪತ್ತೇದಾರಿ ಅಜ್ಜಿಗೂ ಇನ್ನೊಂದನ್ನು ಕಳ್ಳಿಗೂ ಕೊಟ್ಟೆ. ಮನೆಯ ಹಿರಿಸೊಸೆಯೇ ಕದ್ದು, ಎಲ್ಲರ ಕಣ್ಣಿಗೆ ಮಣ್ಣೆರಚಲು ಬೇಕೆಂದೇ ಮತ್ತೆ ಗುರುತು ಒತ್ತಿದಳು ಎಂದು ಮುಗಿಸಿದೆ. ಒಂದು ವಾರಪತ್ರಿಕೆಯಲ್ಲಿ ಅದು ಧಾರಾವಾಹಿಯಾಗಿ ಬಂತು.

ಕೊನೆಯ ಕಂತು ಬಂದ ಮಾರನೇ ದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ವಾರಗಿತ್ತಿ ಪತ್ರಿಕೆ ಹಿಡಿದು ನಿಂತಿದ್ದರು. ನನ್ನ ಕೊಡ ಹಗ್ಗದಲ್ಲಿ ಅರ್ಧಕ್ಕೆ ನಿಂತಿತು.

"ಓದ್ದೆ ಕಣೆ. ಕೊನೇಲಿ ಕೆಡಿಸ್ಬುಟ್ಟಿದ್ದೀಯ."

"ಏನು ಕೆಟ್ಟಿದೆ, ಅಕ್ಕ?"

"ಬೇಕೂಂತ ಒತ್ತಿದ್ಲು ಅಂತ ಬರ್ದಿದ್ದೀಯಲ್ಲ, ಯಾವ ದಡ್ಡಿ ಅಂಗ್ ಮಾಡ್ತಾಳೆ? ಗುರುತು ಅಳಿಸಿ ಬುಟ್ಟಿದ್ರೆ ಯಾರ ತಲೆ ಮೇಲಾದ್ರೂ ಸಲೀಸಾಗಿ ಹೊರಿಸಬೋದಿತ್ತು. ಇಪ್ಪತ್ತು ವರ್ಷದ ಅಭ್ಯಾಸ ಕಣೆ. ತಗೊಂಡಾದ್ಮೇಲೆ ಅಕ್ಕಿ ಸಮ ಮಾಡ್ದೆ... ಮಾಡಿದ್ಲು, ಕೈ ತಾನಾಗೇ ಒತ್ತಿಬುಡ್ತು."

ಬಾವಿಯೊಳಗೆ ಕೊಡ ಗೋಡೆಗೆ ತಾಕಿ ಸದ್ದಾಯಿತು.

"ಯಾರ ಕೈ, ಅಕ್ಕ?" ಎಂದೆ.

"ನಿನ್ ಕತೇಲಿ ಬರೋಳ ಕೈ. ಇನ್ಯಾರ್ದು?" ಎಂದು ಪತ್ರಿಕೆಯನ್ನು ಕಟ್ಟೆಯ ಮೇಲೆ ಬಿಸಾಡಿ ಒಳಗೆ ಹೋದರು.

ಅದು ತಪ್ಪೊಪ್ಪಿಗೆ. ಅಷ್ಟೇ ಸಿಕ್ಕಿದ್ದು. ನೆಂಟರಿಗೆ ಹೇಳಿ ನೋಡಿದೆ. "ಕತೆ ಕಟ್ಟೋದ್ರಲ್ಲಿ ಗಟ್ಟಿಗಿತ್ತಿ ಬುಡಮ್ಮ ನೀನು," ಎಂದು ನಕ್ಕರು. ಕಾದಂಬರಿ ಬರೆಯುವವಳ ಮಾತನ್ನು ಯಾರು ನಂಬುತ್ತಾರೆ? ನನ್ನ ಗಂಡ ಮಾತ್ರ ನಗಲಿಲ್ಲ.

ಆದರೆ ವಾರಗಿತ್ತಿ ಹೇಳಿದ್ದು ಸರಿಯಾಗಿತ್ತು. ಪುಸ್ತಕವಾಗಿ ಅಚ್ಚಾಗುವಾಗ ಕೊನೆಯನ್ನು ಅವರು ಹೇಳಿದ ಹಾಗೇ ತಿದ್ದಿದೆ. ಓದುಗರು ಕಾಗದ ಬರೆದು ಮೆಚ್ಚಿಕೊಂಡದ್ದು ಅದೊಂದನ್ನೇ: ಕಳ್ಳಿಯನ್ನು ಹಿಡಿದುಕೊಟ್ಟದ್ದು ಅವಳ ಅಚ್ಚುಕಟ್ಟು. ಆಮೇಲೆ ಆರು ಕಾದಂಬರಿ ಬರೆದೆ. ಆರರಲ್ಲೂ ಅದೇ ಅಜ್ಜಿ. "ಎಷ್ಟು ಮುದ್ದಾದ ಅಜ್ಜಿ" ಎಂದು ಜನ ಬರೆಯುತ್ತಾರೆ. ವಾರಗಿತ್ತಿಯೊಂದಿಗೆ ಒಂದು ಬಾವಿಯ ನೀರು ಕುಡಿದಿದ್ದರೆ ತಿಳಿಯುತ್ತಿತ್ತು.

ಮೊನ್ನೆ ವಾರಗಿತ್ತಿ ತೀರಿಕೊಂಡರು. ಕದ್ದದ್ದನ್ನು ಅವರು ಒಂದು ದಿನವೂ ಕುತ್ತಿಗೆಗೆ ಹಾಕಿಕೊಂಡಿರಲಿಲ್ಲ. ಮಕ್ಕಳು ಮನೆಯೆಲ್ಲ ಹುಡುಕಿದರು, ಅಡ್ಡಿಕೆ ಸಿಗಲಿಲ್ಲ. ತಿಥಿಯ ಅಡುಗೆಗೆ ಗುಡಾಣದ ಅಕ್ಕಿ ತೆಗೆಯಬೇಕಿತ್ತು. ಮುಚ್ಚಳ ತೆಗೆದರೆ ಗುರುತು ಹಾಗೇ ಇದೆ. ಸೊಸೆಯರು ಹಿಂದೆ ಸರಿದು, "ನೀವೇ ತೆಗೀರಿ ಚಿಕ್ಕತ್ತೆ, ನಮಗೆ ಭಯ," ಎಂದರು.

ಆ ಸೊಟ್ಟ ಬೆರಳಿನ ಮೇಲೇ ಕೈಯಿಟ್ಟು ಅಳಿಸಿದೆ. ಮೊಣಕೈವರೆಗೆ ಹಾಕಿ ತಡಕಿದೆ, ಬುಡದವರೆಗೂ ತಡಕಿದೆ. ನನ್ನ ಕಾದಂಬರಿಗಳಲ್ಲಿ ಕಳೆದ ಒಡವೆ ಕೊನೆಯ ಪುಟದಲ್ಲಿ ಸಿಕ್ಕೇ ಸಿಗುತ್ತದೆ. ಇಲ್ಲೂ ಸಿಕ್ಕೀತೆಂದು ಆಸೆಪಟ್ಟದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅಕ್ಕಿಯಲ್ಲಿ ಅಕ್ಕಿ ಬಿಟ್ಟು ಏನೂ ಇರಲಿಲ್ಲ. ಅವರನ್ನು ನಾನು ಕ್ಷಮಿಸಿಲ್ಲ. ಅಕ್ಕಿಯನ್ನು ಮೊರಕ್ಕೆ ಹಾಕಿ ಕೇರಿದೆ. ವರ್ಷ ಕಳೆದ ಹಳೆ ಅಕ್ಕಿ, ಒಂದೇ ಒಂದು ಹುಳು ಇರಲಿಲ್ಲ.