ಮಂಗಳನ ಮಣ್ಣು ಕಲಸುವಾಕೆ

ಬೆಳಗಿನ ಐದೂವರೆ. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಮೂಗು ಬಾಯಿಗೆ ಮಾಸ್ಕ್ ಬಿಗಿದುಕೊಂಡ ಹೆಂಗಸೊಬ್ಬರು ಕಪ್ಪು ಕಲ್ಲಿನ ಪುಡಿಯನ್ನು ಜರಡಿ ಹಿಡಿಯುತ್ತಿದ್ದಾರೆ. ಆರೂವರೆಗೆ ಕಟ್ಟಡದ ಫ್ಯಾನುಗಳು ಶುರುವಾದರೆ ಪುಡಿ ಎಲ್ಲೆಡೆ ಹಾರುತ್ತದೆ. ಅಷ್ಟರೊಳಗೆ ಹದಿನೆಂಟು ಕಿಲೋ ಮುಗಿಯಬೇಕು. ಕೆಮ್ಮು ಬಂದಾಗ ಜರಡಿ ಕೆಳಗಿಟ್ಟು, ಗೋಡೆಯತ್ತ ತಿರುಗಿ ಕೆಮ್ಮಿ, ಮತ್ತೆ ಎತ್ತಿಕೊಳ್ಳುತ್ತಾರೆ.

ಇಲ್ಲಿ ಎಲ್ಲರ ಬಾಯಲ್ಲೂ ಇವರು ಮಣ್ಣಕ್ಕ. ವಯಸ್ಸು ಐವತ್ತಾರು. ಮಂಗಳ ಗ್ರಹದಲ್ಲಿರುವಂಥ ಮಣ್ಣನ್ನು ಇಲ್ಲಿ ತಯಾರಿಸುವುದು ಇವರ ಕೆಲಸ. ಅಲ್ಲಿಂದ ಯಾರೂ ಇನ್ನೂ ಒಂದು ಹಿಡಿ ಮಣ್ಣು ತಂದಿಲ್ಲ. ಅಲ್ಲಿಗೆ ಹೋದ ಯಂತ್ರಗಳು ಕಳಿಸಿದ ವಿವರ ನೋಡಿಕೊಂಡು ಲಾವಾ ಕಲ್ಲಿನ ಪುಡಿಗೆ ತುಕ್ಕಿನ ಕೆಂಪು, ಗಂಧಕದ ಲವಣ ಬೆರೆಸುತ್ತಾರೆ. ಕೊನೆಯಲ್ಲಿ ಕಿಲೋಗೆ ಐದು ಗ್ರಾಂ ಪರ್‌ಕ್ಲೋರೇಟ್ ಎಂಬ ಉಪ್ಪು. ಗಿಡಕ್ಕೆ ಅದು ವಿಷ. ಮಹಡಿಯ ಮೇಲಿನ ವಿಜ್ಞಾನಿಗಳು ಆ ಉಪ್ಪನ್ನು ತೊಳೆದು ತೆಗೆಯಲು ನೋಡುತ್ತಾರೆ. ಗೊಬ್ಬರದ ನೀರುಣಿಸಿ, ಬೀಜ ಬಿತ್ತಿ ಕಾಯುತ್ತಾರೆ.

"ನಮ್ಮ ಮಣ್ಣಲ್ಲಿ ಕೊಳೆತ ಎಲೆ, ಹುಳ, ಏನೆಲ್ಲಾ ಇರತ್ತೆ. ಇದನ್ನ ಮೂಸಿ ನೋಡಿ, ವಾಸನೆನೇ ಇಲ್ಲ," ಎಂದು ಹಿಡಿ ಪುಡಿಯನ್ನು ನನ್ನ ಮುಂದೆ ಹಿಡಿಯುತ್ತಾರೆ. "ಎರಡೆಲೆ ಬರತ್ತೆ. ಆಮೇಲೆ ಹಳದಿಯಾಗಿ ಮಲಗಿಬಿಡತ್ತೆ."

ಇವರ ಗಂಡ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು. ಧೂಳು ಅವರ ಶ್ವಾಸಕೋಶವನ್ನು ತಿಂದುಹಾಕಿತು. "ಕಲ್ಲಿನ ಪುಡಿ ಏನ್ ಮಾಡತ್ತೆ ಅಂತ ನಂಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ರೆ ಕೈಗೆ ಬರೋ ಕೆಲಸ ಇದೊಂದೇ."

ಮೂರು ವರ್ಷದ ಹಿಂದೆ ಒಂದು ಟ್ರೇಯಲ್ಲಿ ಹುರುಳಿ ಗಿಡಗಳು ಸಾಯಲಿಲ್ಲ. ಬೆಳೆದವು, ಹೂ ಬಿಟ್ಟವು. ತೊಳೆಯುವ ಹೊಸ ವಿಧಾನ ಗೆದ್ದಿತೆಂದು ಮಹಡಿಯಲ್ಲಿ ಸಂಭ್ರಮ. ಫೋಟೋ ತೆಗೆಯುವವರು ಬಂದರು. ಆ ವಿಧಾನ ಕಂಡುಹಿಡಿದ ಸಂಶೋಧಕಿ ಕೆಳಗಿಳಿದು ಬಂದು ಮಣ್ಣಕ್ಕನನ್ನು ಅಪ್ಪಿಕೊಂಡು ಅತ್ತಳು.

ಮಣ್ಣಕ್ಕ ಮಾತ್ರ ತಮ್ಮ ತೂಕದ ಪುಸ್ತಕ ತೆಗೆದು ನೋಡಿದರು. ಆ ಟ್ರೇಗೆ ಮಣ್ಣು ಕಲಸಿದ ದಿನದ ಪುಟದಲ್ಲಿ ಉಪ್ಪಿನ ತೂಕದ ಜಾಗ ಖಾಲಿ. ಆವತ್ತೇ ಆಸ್ಪತ್ರೆಯಿಂದ ಗಂಡನಿಗೆ ಉಸಿರು ನಿಲ್ಲುತ್ತಿದೆ ಎಂದು ಫೋನ್ ಬಂದಿತ್ತು. ಅರ್ಧಕ್ಕೆ ಕೈ ತೊಳೆದು ಓಡಿದ್ದರು. ವಾರದ ನಂತರ ವಾಪಸ್ಸು ಬರುವಷ್ಟರಲ್ಲಿ ಉಪ್ಪು ಬೀಳದ ಆ ಚೀಲ ಮೇಲಕ್ಕೆ ಹೋಗಿತ್ತು. ತೊಳೆದ ಮೇಲೆ ಉಪ್ಪು ಇದೆಯೇ ಎಂದು ಅಳೆದವರು, ತೊಳೆಯುವ ಮುಂಚೆ ಅಳೆದಿರಲಿಲ್ಲ. ಮಣ್ಣಕ್ಕನ ಕೈ ತಪ್ಪುವುದಿಲ್ಲ ಎಂಬ ನಂಬಿಕೆ.

"ಎರಡು ದಿನ ಅನ್ನ ಸೇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಮಗಳೂ 'ಅಮ್ಮಾ, ಸುಮ್ನಿರು' ಅಂದ್ಲು." ಮೂರನೆಯ ದಿನ ಪುಸ್ತಕ ಹಿಡಿದು ಮಹಡಿ ಹತ್ತಿದರು. "ಲ್ಯಾಬಿನ ದೊಡ್ಡ ಮೇಡಂ ಓದಿ, ಕನ್ನಡಕ ತೆಗೆದು ಕೂತ್ಬಿಟ್ರು. ಬೈದಿದ್ರೆ ಚೆನ್ನಾಗಿತ್ತು."

ಹೊಸ ವಿಧಾನ ಗೆದ್ದಿತೆಂದು ಬರೆದಿದ್ದ ವರದಿಯನ್ನು ವಾಪಸ್ ತೆಗೆದುಕೊಂಡರು. ಸಂಶೋಧಕಿ ಆರು ತಿಂಗಳಲ್ಲಿ ಕೆಲಸ ಬಿಟ್ಟಳು. ಹೋಗುವಾಗ ನೆಲಮಾಳಿಗೆಗೆ ಇಳಿಯಲಿಲ್ಲ. "ಅವಳದೇನೂ ತಪ್ಪಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ರೂ ಮಾತಾಡಿಸ್ತಿರಲಿಲ್ಲವೇನೋ," ಎನ್ನುತ್ತಾರೆ ಮಣ್ಣಕ್ಕ.

ಅಂದಿನಿಂದ ಮಹಡಿಯಲ್ಲಿ ತೊಳೆಯುವ ಮುಂಚೆಯೂ ಉಪ್ಪು ಅಳೆಯುತ್ತಾರೆ. ಆಮೇಲಿನ ಇನ್ನೂರಕ್ಕೂ ಹೆಚ್ಚು ಟ್ರೇಗಳಲ್ಲಿ ಒಂದೂ ಹೂ ಬಿಟ್ಟಿಲ್ಲ. ಇವರ ಎದೆಯ ಎಕ್ಸ್‌ರೇ ನೋಡಿದ ಡಾಕ್ಟರು ಈ ವರ್ಷವೇ ಕೆಲಸ ನಿಲ್ಲಿಸಲು ಹೇಳಿದ್ದಾರೆ.

ನಿಲ್ಲಿಸುವ ಮುಂಚೆ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಮಣ್ಣಕ್ಕ ಚೀಲದ ಬಾಯಿ ಕಟ್ಟಿ, ಪುಸ್ತಕದಲ್ಲಿ ಇವತ್ತಿನ ತೂಕ ಬರೆಯುತ್ತಾರೆ.

"ಗಿಡ ಬದುಕೋದು ಬಿಡೋದು ನನ್ನ ಕೈಲಿಲ್ಲ. ಆದ್ರೆ ಸತ್ತರೆ, ಮಣ್ಣು ಸರಿಯಾಗೇ ಇತ್ತು ಅಂತ ಅವರು ಹೇಳಬೇಕು. ಈಗ ಹೇಳ್ತಾರೆ."